ರಡಾರ್ ಇಲ್ಲದವರ ಮೇಲೆ ಸ್ಟೆಲ್ತ್ ವಿಮಾನ ಯಾಕೆ? ವಾಯುಪಡೆಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಸ್ಟೆಲ್ತ್ ಯುದ್ಧವಿಮಾನ ಹಾರಿಸುವ ದೇಶಗಳ ವಾಯುಪಡೆ ಮುಖ್ಯಸ್ಥರಿಗೆ,
ಅವುಗಳಿಗೆ ಹಣ ಮಂಜೂರು ಮಾಡುವ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ನಾನು ಪೈಲಟ್ ಅಲ್ಲ, ಯುದ್ಧತಜ್ಞನೂ ಅಲ್ಲ. ಫೈಟರ್ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ, ಕೈಗೆಲ್ಲ ಗ್ರೀಸು ಹಚ್ಚಿಕೊಂಡು ಇಪ್ಪತ್ತು ವರ್ಷ ದುಡಿದ ಗ್ರೌಂಡ್ ಕ್ರೂ. ಈಗ ನಿವೃತ್ತ. ಕೆಲವು ವರ್ಷಗಳಿಂದ ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ಶತ್ರುವಿನ ರಡಾರ್‌ಗೆ ಕಾಣಬಾರದು ಅಂತಲೇ ಕಟ್ಟಿದ ವಿಮಾನಗಳನ್ನು, ರಡಾರೇ ಇಲ್ಲದ ಬಂಡುಕೋರರ ಮೇಲೆ ಬಾಂಬ್ ಹಾಕಲು ಕಳಿಸುತ್ತಿದ್ದೀರಿ. ಮಣ್ಣಿನ ಗೋಡೆಗಳ ಮೇಲೆ, ಗುಡ್ಡದ ಬಿಲಗಳ ಮೇಲೆ, ನದಿ ನಡುವಿನ ಪೊದೆಗಳ ಮೇಲೆ. ಇದು ತಪ್ಪು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಮೊದಲು ಹ್ಯಾಂಗರ್‌ನ ಮಾತು. ವಿಮಾನ ಆಕಾಶದಲ್ಲಿ ಒಂದು ಗಂಟೆ ಇದ್ದರೆ, ಅದರ ಹಿಂದೆ ನೆಲದ ಮೇಲೆ ಹಲವಾರು ಗಂಟೆಗಳ ದುಡಿಮೆ ಇರುತ್ತದೆ. ಪ್ಯಾನಲ್ ಬಿಚ್ಚಬೇಕು, ಒಳಗಿನ ಪೈಪು, ವೈರು ನೋಡಬೇಕು, ಮತ್ತೆ ಮುಚ್ಚಬೇಕು. ಬಿಚ್ಚಿದ ಸ್ಕ್ರೂ ಎಷ್ಟು, ಹಾಕಿದ ಸ್ಕ್ರೂ ಎಷ್ಟು ಅಂತ ಎಣಿಸಬೇಕು. ಒಂದು ಸಲ ಬೆರಳುದ್ದದ ಸ್ಪ್ಯಾನರ್ ಒಂದು ಲೆಕ್ಕಕ್ಕೆ ಸಿಗಲಿಲ್ಲ. ರಾತ್ರಿ ಹತ್ತಕ್ಕೆ ಶುರುವಾದ ಹುಡುಕಾಟ ಬೆಳಗಿನ ಜಾವ ನಾಲ್ಕಾದರೂ ಮುಗಿಯಲಿಲ್ಲ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಮುಚ್ಚಿದ್ದ ಪ್ಯಾನಲ್‌ಗಳನ್ನೆಲ್ಲ ಮತ್ತೆ ಬಿಚ್ಚಿದೆವು. ಕೊನೆಗೆ ಅದು ಸಿಕ್ಕಿದ್ದು ಚಕ್ರದ ಗುಂಡಿಯ ಮೂಲೆಯಲ್ಲಿ. ಅಲ್ಲಿಯವರೆಗೆ ವಿಮಾನ ಕದಲಲಿಲ್ಲ. ಎಲ್ಲ ಸರಿಯಾದ ಮೇಲೆ ಎಫ್-700 ಅನ್ನುವ, ವಿಮಾನದ ದುರಸ್ತಿ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಒಬ್ಬೊಬ್ಬರಾಗಿ ಸಹಿ ಹಾಕಿದೆವು. ನನ್ನ ಸಹಿ ಇದ್ದರೆ ಆ ಕೆಲಸಕ್ಕೆ ನಾನೇ ಹೊಣೆ. ನಾಳೆ ಏನಾದರೂ ಆದರೆ ಮೊದಲು ತೆಗೆಯುವುದು ಆ ಪುಸ್ತಕವನ್ನೇ.

ನಾನು ನೋಡಿಕೊಂಡದ್ದು ಸಾಧಾರಣ ಫೈಟರ್‌ಗಳನ್ನು. ಸ್ಟೆಲ್ತ್ ವಿಮಾನದಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಅದರ ಮೈಗೆ ರಡಾರ್ ಅಲೆಗಳನ್ನು ಹೀರುವ ವಿಶೇಷ ಲೇಪ ಇರುತ್ತದೆ. ಪ್ಯಾನಲ್‌ನ ಅಂಚು ಒಂಚೂರು ಎದ್ದಿದ್ದರೂ, ಲೇಪದಲ್ಲಿ ಒಂದು ಬಿರುಕು ಬಿಟ್ಟರೂ ರಡಾರ್‌ಗೆ ಗುಟ್ಟು ರಟ್ಟಾಗುವ ಭಯ. ಹಾಗಾಗಿ ಸಣ್ಣ ರಿಪೇರಿ ಆದ ಮೇಲೂ ಅಂಚಿಗೆ ಮತ್ತೆ ಸೀಲಂಟ್ ತುಂಬಬೇಕು, ಲೇಪ ಬಳಿಯಬೇಕು, ಅದು ಒಣಗುವವರೆಗೆ ಕಾಯಬೇಕು. ಮಳೆ, ಮರಳು, ಬಿಸಿಲು ಎಲ್ಲವೂ ಆ ಲೇಪಕ್ಕೆ ಶತ್ರು. ಮರುಭೂಮಿಯ ನೆಲೆಯಿಂದ ದಿನವೂ ಹಾರಿಸಿದರೆ ಆ ಮೈ ಏನಾಗುತ್ತದೆ ಅಂತ ನಿಮ್ಮ ಹ್ಯಾಂಗರ್‌ನ ಹುಡುಗರನ್ನು ಕೇಳಿ ನೋಡಿ. ಅವರು ಹೇಳುತ್ತಾರೆ.

ಈಗ ನಾನು ನೋಡಿದ ಒಂದು ವಿಡಿಯೋ ಬಗ್ಗೆ ಹೇಳುತ್ತೇನೆ. 2017ರ ನವೆಂಬರ್‌ನಲ್ಲಿ ಅಮೆರಿಕದ ಸೇನೆಯೇ ಅದನ್ನು ಬಿಡುಗಡೆ ಮಾಡಿತ್ತು. ಜಾಗ ಅಫ್ಘಾನಿಸ್ತಾನದ ಹೆಲ್ಮಂದ್. ಕಪ್ಪು ಬಿಳುಪು ಚಿತ್ರ. ಮಣ್ಣಿನ ಗೋಡೆ ಸುತ್ತಿದ ಒಂದು ಕಟ್ಟಡ. ಒಂದು ಕ್ಷಣ ಪರದೆ ಬೆಳ್ಳಗಾಗುತ್ತದೆ. ಆಮೇಲೆ ಬರೀ ಹೊಗೆ. ಅದು ತಾಲಿಬಾನಿಗೆ ದುಡ್ಡು ತರುವ ಮಾದಕವಸ್ತು ತಯಾರಿಸುವ ಜಾಗ ಅಂತ ಹೇಳಿದರು. ಬಾಂಬ್ ಹಾಕಿದ್ದು ಸ್ಟೆಲ್ತ್ ವಿಮಾನ ಎಫ್-22 ರ‍್ಯಾಪ್ಟರ್. ಜಗತ್ತಿನಲ್ಲೇ ಅತಿ ಬಲಿಷ್ಠ ಅಂತ ಹೆಸರಾದ ಫೈಟರ್ ಅಫ್ಘಾನಿಸ್ತಾನದಲ್ಲಿ ಹಾಕಿದ ಮೊದಲ ಬಾಂಬ್ ಬಿದ್ದದ್ದು ಬ್ಯಾರಲ್‌ಗಳು, ಒಲೆಗಳು ಇದ್ದ ಒಂದು ಮಣ್ಣಿನ ಅಂಗಳದ ಮೇಲೆ.

ನಾನು ಆ ವಿಡಿಯೋವನ್ನು ನಾಲ್ಕೈದು ಸಲ ನೋಡಿದೆ. ಹಳೇ ಅಭ್ಯಾಸ, ವಿಮಾನ ಅಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಪ್ರತಿ ಸಲವೂ ತಲೆಗೆ ಬಂದದ್ದು ಒಂದೇ ಪ್ರಶ್ನೆ: ಆ ಗೋಡೆಯ ಒಳಗೆ ಯಾವ ರಡಾರ್ ಇತ್ತು?

ಎಫ್-22 ಆಗ ಹಾರಿದ್ದು ಗಲ್ಫ್‌ನ ನೆಲೆಯಿಂದ. ಹೋಗಿ ಬರುವ ದಾರಿಯಲ್ಲಿ ಟ್ಯಾಂಕರ್ ವಿಮಾನ ಅದಕ್ಕೆ ಆಕಾಶದಲ್ಲೇ ಇಂಧನ ತುಂಬಿಸಬೇಕಿತ್ತು. ಅದರ ಹಾರಾಟದ ಖರ್ಚು ಗಂಟೆಗೆ 35,000 ಡಾಲರ್‌ಗೂ ಜಾಸ್ತಿ. ಟ್ಯಾಂಕರ್ ಖರ್ಚು ಬೇರೆ. ಅದೇ ಕಾರ್ಯಾಚರಣೆಯಲ್ಲಿ ಬಿ-52 ಬಾಂಬರ್‌ಗಳೂ ಇದ್ದವು, ಅಫ್ಘನ್ ವಾಯುಪಡೆಯ ಎ-29 ಸೂಪರ್ ಟುಕಾನೊ ವಿಮಾನಗಳೂ ಇದ್ದವು. ಎ-29 ಅಂದರೆ ಮೂಗಿನಲ್ಲಿ ಪ್ರೊಪೆಲ್ಲರ್ ತಿರುಗುವ ಸಣ್ಣ ವಿಮಾನ. ಎಫ್-22ರ ಖರ್ಚಿನ ಸಣ್ಣದೊಂದು ಪಾಲಿನಲ್ಲಿ ಹಾರುತ್ತದೆ. ಇಂಥದೇ ಗುರಿಗಳಿಗೆ ಅದೂ ಬಾಂಬ್ ಹಾಕಿ ವಾಪಸ್ ಬಂದಿತು. ಯಾರೂ ಅದನ್ನು ಹೊಡೆದು ಬೀಳಿಸಲಿಲ್ಲ. ಹಾಗಾದರೆ ಅಲ್ಲಿ ಸ್ಟೆಲ್ತ್‌ಗೆ ಏನು ಕೆಲಸ ಇತ್ತು?

ಆಗ ಅಲ್ಲಿದ್ದ ಅಮೆರಿಕದ ಕಮಾಂಡರ್ ಜನರಲ್ ಜಾನ್ ನಿಕಲ್ಸನ್ ಒಂದು ಕಾರಣ ಕೊಟ್ಟಿದ್ದರು. ಎಫ್-22 ಸಣ್ಣ ಬಾಂಬನ್ನು ಗುರಿ ತಪ್ಪದೆ ಹಾಕುತ್ತದೆ, ಅಕ್ಕಪಕ್ಕದ ಜನರಿಗೆ ಹಾನಿ ಕಡಿಮೆ ಅಂತ. ಇದು ತಳ್ಳಿಹಾಕುವ ಮಾತಲ್ಲ. ಅದು 250 ಪೌಂಡ್ ತೂಕದ ಬಾಂಬ್, ಅಂದರೆ ಸುಮಾರು 113 ಕಿಲೋ. ದೊಡ್ಡ ಬಾಂಬ್‌ಗಿಂತ ಅದು ಎಷ್ಟೋ ವಾಸಿ. ಆದರೆ ಆ ಬಾಂಬನ್ನು ಸ್ಟೆಲ್ತ್ ಅಲ್ಲದ ಎಫ್-15ಇ ಕೂಡ ಹೊರುತ್ತದೆ. ಸಣ್ಣ ಬಾಂಬ್ ಬೇಕಿದ್ದರೆ ಸಣ್ಣ ಬಾಂಬ್ ಕಳಿಸಿ. ಅದನ್ನು ಹೊತ್ತುಕೊಂಡು ಹೋಗಲು ರಡಾರ್‌ಗೆ ಕಾಣದ ವಿಮಾನವೇ ಯಾಕೆ ಬೇಕು?

ಇಷ್ಟೆಲ್ಲ ಮಾಡಿ ಆದದ್ದೇನು? ಆ ಜಾಗಗಳನ್ನು ಕಡಿಮೆ ದುಡ್ಡಿನಲ್ಲಿ, ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಳ್ಳಬಹುದು ಅಂತ ಅಲ್ಲಿನ ಮಾದಕವಸ್ತು ವ್ಯಾಪಾರವನ್ನು ಬಹಳ ವರ್ಷ ಅಧ್ಯಯನ ಮಾಡಿದವರು ಆಗಲೇ ಎಚ್ಚರಿಸಿದ್ದರು. 2019ರ ಹೊತ್ತಿಗೆ ಆ ಬಾಂಬ್ ದಾಳಿಗಳೇ ನಿಂತವು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿಗೆ ಬಂದಿತು.

ಇದು ಒಂದೇ ಒಂದು ಸಲ ಆದ ತಪ್ಪಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. 2018ರ ಸೆಪ್ಟೆಂಬರ್ 27ರಂದು ಅಮೆರಿಕದ ಮರೀನ್ ಪಡೆಯ ಸ್ಟೆಲ್ತ್ ವಿಮಾನ ಎಫ್-35ಬಿ ತನ್ನ ಮೊದಲ ಬಾಂಬ್ ಹಾಕಿತು. ಅದೂ ಅಫ್ಘಾನಿಸ್ತಾನದಲ್ಲಿ, ತಾಲಿಬಾನ್ ಮೇಲೆ. 2019ರ ಏಪ್ರಿಲ್ 30ರಂದು ವಾಯುಪಡೆಯ ಎಫ್-35ಎ ಸರದಿ. ಗುರಿ ಇರಾಕಿನ ಹಮ್ರೀನ್ ಬೆಟ್ಟಸಾಲಿನಲ್ಲಿ ಐಸಿಸ್ ತೋಡಿದ್ದ ಸುರಂಗಗಳು, ಅಲ್ಲಿ ಬಚ್ಚಿಟ್ಟಿದ್ದ ಆಯುಧಗಳು. ಅದೇ ವರ್ಷ ಸೆಪ್ಟೆಂಬರ್ 10ರಂದು ಟೈಗ್ರಿಸ್ ನದಿಯ ಕನೂಸ್ ಅನ್ನುವ ದ್ವೀಪದ ಮೇಲೆ ಎಫ್-15 ಮತ್ತು ಎಫ್-35 ಸೇರಿ ಸುಮಾರು 36,000 ಕಿಲೋ ಬಾಂಬ್ ಸುರಿದವು. ಆ ವಿಡಿಯೋ ಕೂಡ ನೋಡಿದ್ದೇನೆ. ದಟ್ಟ ಪೊದೆ ಬೆಳೆದ ಒಂದು ದ್ವೀಪ. ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಸ್ಫೋಟ. ಐಸಿಸ್‌ನವರು ಅಡಗಿಕೊಳ್ಳಲು ಆ ಪೊದೆಗಳು ನೆರವಾಗುತ್ತಿದ್ದವು ಅನ್ನುವುದು ಕಾರಣ. ಇರಬಹುದು. ಆದರೆ ಪೊದೆಗೆ ರಡಾರ್ ಇರುವುದಿಲ್ಲ, ಅಲ್ವಾ?

ನನಗೆ ಅನ್ನಿಸುವುದನ್ನು ಬಿಚ್ಚಿ ಹೇಳುತ್ತೇನೆ. ಹೊಸ ವಿಮಾನಕ್ಕೆ ಯುದ್ಧದಲ್ಲಿ ಬಳಸಿದ್ದು ಅನ್ನುವ ಮುದ್ರೆ ಬೇಕು. ಮುದ್ರೆ ಬಿದ್ದರೆ ಸಂಸತ್ತಿನಲ್ಲಿ ಹಣ ಕೇಳುವುದು ಸುಲಭ. ಬೇರೆ ದೇಶಗಳಿಗೆ ಮಾರುವುದೂ ಸುಲಭ. ಅಪಾಯ ಇಲ್ಲದ ಜಾಗದಲ್ಲಿ ಆ ಮುದ್ರೆ ಸಲೀಸಾಗಿ ಸಿಗುತ್ತದೆ. ಆದರೆ ಎದುರಾಳಿಯ ಹತ್ತಿರ ರಡಾರ್ ಇಲ್ಲದಿದ್ದರೆ ಆ ವಿಮಾನದ ಮುಖ್ಯ ಗುಣ ಪರೀಕ್ಷೆಗೇ ಬರಲಿಲ್ಲ ಅಂತಾಯಿತು. ಈಜು ಬರುತ್ತದೋ ಇಲ್ಲವೋ ಅಂತ ನೋಡಲು ಯಾರಾದರೂ ಮೊಣಕಾಲುದ್ದದ ನೀರಿಗೆ ಇಳಿಸುತ್ತಾರಾ?

ನನ್ನಂಥವನಿಗೆ ಡಾಲರ್‌ಗಿಂತ ಹೆಚ್ಚು ನೋವಾಗುವುದು ಗಂಟೆಗಳ ಲೆಕ್ಕ ನೋಡಿದಾಗ. ಪ್ರತಿ ವಿಮಾನದ ಏರ್‌ಫ್ರೇಮ್‌ಗೂ ಇಷ್ಟು ಹಾರಾಟದ ಗಂಟೆ ಅಂತ ಆಯುಸ್ಸು ಇರುತ್ತದೆ. ಎಫ್-22ಕ್ಕೆ 8,000 ಗಂಟೆ ಅಂತ ಲೆಕ್ಕ ಹಾಕಿ ಕಟ್ಟಿದರು. ಕಟ್ಟಿದ್ದೇ 195. ಅದರಲ್ಲಿ ಸೇವೆಗಾಗಿ ಕಟ್ಟಿದ್ದು 187. ಕೊನೆಯದು ಕೈಗೆ ಬಂದದ್ದು 2012ರಲ್ಲಿ. ಇನ್ನು ಒಂದೂ ಬರುವುದಿಲ್ಲ. ಹಾಗಾಗಿ ಆ ಮಣ್ಣಿನ ಗೋಡೆಗೆ ಖರ್ಚಾದ ಗಂಟೆಗಳನ್ನು ಎಷ್ಟು ದುಡ್ಡು ಸುರಿದರೂ ವಾಪಸ್ ಕೊಳ್ಳಲು ಆಗುವುದಿಲ್ಲ. ಎಫ್-35 ಇನ್ನೂ ತಯಾರಾಗುತ್ತಿದೆ, ನಿಜ. ಆದರೆ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರೇ 2024ರ ವರದಿಯಲ್ಲಿ ಹೇಳಿರುವಂತೆ, ಆ ವಿಮಾನಗಳನ್ನು ಅವುಗಳ ಆಯುಸ್ಸು ಮುಗಿಯುವವರೆಗೆ ನೋಡಿಕೊಳ್ಳಲು ಬೇಕಾಗುವುದು 1.58 ಟ್ರಿಲಿಯನ್ ಡಾಲರ್. ನಮ್ಮ ಲೆಕ್ಕದಲ್ಲಿ 1 ಲಕ್ಷ 58 ಸಾವಿರ ಕೋಟಿ ಡಾಲರ್. 2023ರ ಮಾರ್ಚ್‌ನಲ್ಲಿ ನೋಡಿದರೆ ಅವುಗಳಲ್ಲಿ ಕೆಲಸಕ್ಕೆ ತಯಾರಾಗಿ ನಿಂತಿದ್ದದ್ದು ನೂರಕ್ಕೆ 55 ಮಾತ್ರ. ಬಿಡಿಭಾಗ ಸಿಗದೆ, ರಿಪೇರಿಗೆ ಜನ ಸಾಲದೆ ನಿಂತ ವಿಮಾನವನ್ನು ನೋಡಿದ ಸಂಕಟ ನನಗೆ ಗೊತ್ತು. ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕಿ ಹೇಗೋ ಹಾರಿಸಿದ ದಿನಗಳನ್ನೂ ನೋಡಿದ್ದೇನೆ. ಅಂಥ ಹೊತ್ತಲ್ಲಿ ಇರುವ ಕೆಲವೇ ವಿಮಾನಗಳನ್ನು ಪೊದೆ ಸುಡಲು ಕಳಿಸುತ್ತೀರಾ?

ಗುಟ್ಟಿನ ವಿಷಯವೂ ಇದೆ. ರಡಾರ್‌ಗೆ ಕಾಣದಿರುವುದು ಅಂದರೆ ಮಾಯವಾಗುವುದಲ್ಲ. 1999ರ ಮಾರ್ಚ್ 27ರಂದು ಸರ್ಬಿಯಾದ ಸೈನಿಕರು ಎಫ್-117 ಸ್ಟೆಲ್ತ್ ವಿಮಾನವನ್ನು 1960ರ ದಶಕದ ಹಳೇ ಮಾದರಿಯ ಕ್ಷಿಪಣಿಯಿಂದಲೇ ಕೆಡವಿದರು. ಮತ್ತೆ ಮತ್ತೆ ಹಾರಿದರೆ ನೋಡುವವರು ಕಲಿಯುತ್ತಾರೆ. 2015ರ ನವೆಂಬರ್‌ನಲ್ಲಿ ರಷ್ಯಾ ಸಿರಿಯಾಕ್ಕೆ ವಿಮಾನ ಹೊಡೆಯುವ ತನ್ನ ಎಸ್-400 ಕ್ಷಿಪಣಿ ವ್ಯವಸ್ಥೆ ತಂದು ನಿಲ್ಲಿಸಿತು. ಅಮೆರಿಕದ ವಿಮಾನಗಳು ಹೇಗೆ ಕೆಲಸ ಮಾಡುತ್ತವೆ ಅಂತ ಕಲಿಯಲು ಸಿರಿಯಾದ ಆಕಾಶ ರಷ್ಯಾಕ್ಕೆ ದೊಡ್ಡ ನಿಧಿಯೇ ಸಿಕ್ಕಂತಾಗಿದೆ ಅನ್ನುವ ಅರ್ಥದ ಮಾತನ್ನು 2018ರ ಜನವರಿಯಲ್ಲಿ ಆಡಿದ್ದು ಅಮೆರಿಕ ವಾಯುಪಡೆಯ ಗುಪ್ತಚರ ವಿಭಾಗದ ಹಿರಿಯ ಅಧಿಕಾರಿಯೇ. ನನ್ನ ಮಾತು ಬೇಡ, ನಿಮ್ಮವರ ಮಾತನ್ನಾದರೂ ಕೇಳಿ.

ಎಲ್ಲ ಕಡೆಯೂ ತಪ್ಪು ಅಂತ ನಾನು ಹೇಳುತ್ತಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಎಫ್-22 ಮೊದಲ ಸಲ ಯುದ್ಧಕ್ಕೆ ಇಳಿದದ್ದು ಸಿರಿಯಾದ ರಕ್ಕಾದಲ್ಲಿ, ಐಸಿಸ್‌ನ ಒಂದು ಕಟ್ಟಡದ ಮೇಲೆ. ಆ ರಾತ್ರಿ ಸಿರಿಯಾ ಸರ್ಕಾರದ ರಡಾರ್, ಕ್ಷಿಪಣಿಗಳು ಏನು ಮಾಡುತ್ತವೆ ಅಂತ ಯಾರಿಗೂ ಖಚಿತ ಇರಲಿಲ್ಲ. ಆಮೇಲೆ ಆ ಎಫ್-22ಗಳು ಬೇರೆ ವಿಮಾನಗಳಿಗೆ ಕಾವಲಾಗಿ ಹಾರಿದ್ದೇ ಜಾಸ್ತಿ. ಅದು ಅವುಗಳ ಕೆಲಸವೇ. ಯೆಮೆನ್‌ನ ಹೌತಿಗಳ ಹತ್ತಿರ ವಿಮಾನ ಹೊಡೆಯುವ ಕ್ಷಿಪಣಿಗಳಿವೆ, ಅಮೆರಿಕದ ಎಂಕ್ಯೂ-9 ಡ್ರೋನ್‌ಗಳನ್ನು ಒಂದರ ಹಿಂದೆ ಒಂದು ಬೀಳಿಸಿದ್ದಾರೆ. 2024ರ ನವೆಂಬರ್‌ನಲ್ಲಿ ಎಫ್-35ಸಿ ಅಲ್ಲಿಗೆ ಹೋದದ್ದಕ್ಕೆ ಕಾರಣ ಇತ್ತು. ಬಂಡುಕೋರರು ಅಂದ ತಕ್ಷಣ ಎಲ್ಲರೂ ಒಂದೇ ಅಲ್ಲ. ಅದಕ್ಕೇ ಪ್ರತಿ ಸಲವೂ ಆ ಪ್ರಶ್ನೆ ಕೇಳಬೇಕು ಅನ್ನುತ್ತಿದ್ದೇನೆ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂತ ಒಂದು ಗಾದೆ ಇದೆ. ಈ ವಿಷಯ ಮಾತಾಡುವಾಗ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಆ ಗಾದೆಯಲ್ಲಿ ಅಸ್ತ್ರ ದಂಡವಾದ ದುಃಖ ಇದೆ, ಗುಬ್ಬಿಯ ಪಕ್ಕದ ಗೂಡಿನ ಮಾತಿಲ್ಲ. ಬಂಡುಕೋರರು ಜನರ ನಡುವೆಯೇ ಇರುತ್ತಾರೆ. ಮೇಲಿನ ಮನೆಯಲ್ಲಿ ಬಂದೂಕು, ಕೆಳಗಿನ ಮನೆಯಲ್ಲಿ ಮಕ್ಕಳು. 2017ರ ಮಾರ್ಚ್ 17ರಂದು ಇರಾಕಿನ ಮೊಸುಲ್‌ನಲ್ಲಿ ಆದದ್ದು ಇದೇ. ಛಾವಣಿಯ ಮೇಲಿದ್ದ ಇಬ್ಬರು ಸ್ನೈಪರ್‌ಗಳನ್ನು ಕೊಲ್ಲಲು ಅಮೆರಿಕದ ವಿಮಾನ 500 ಪೌಂಡ್ ಬಾಂಬ್ ಹಾಕಿತು. ಇಡೀ ಕಟ್ಟಡ ಕುಸಿಯಿತು. ಒಳಗೆ ಆಶ್ರಯ ಪಡೆದಿದ್ದ ಕುಟುಂಬಗಳೂ, ಪಕ್ಕದವರೂ ಸೇರಿ 105 ಮಂದಿ ನಾಗರಿಕರು ಸತ್ತರು. ಇದು ಅಮೆರಿಕದ ಸೇನೆಯ ತನಿಖೆಯೇ ಒಪ್ಪಿಕೊಂಡ ಲೆಕ್ಕ. ಐಸಿಸ್ ಆ ಮನೆಯಲ್ಲಿ ಇಟ್ಟಿದ್ದ ಸ್ಫೋಟಕ ಸಿಡಿದು ಕಟ್ಟಡ ಬಿತ್ತು ಅಂತ ಅದೇ ತನಿಖೆ ಹೇಳಿತು. ಆದರೆ ಆ ಮನೆಯ ಒಳಗೆ ಇಷ್ಟು ಜನ ಇದ್ದದ್ದು ಮೇಲಿದ್ದವರಿಗೆ ಗೊತ್ತಿರಲಿಲ್ಲ. ವಿಮಾನದ ಬಾಂಬ್ ಗುರಿಯಿಟ್ಟ ಜಾಗಕ್ಕೇ ಬಿದ್ದಿತ್ತು. ನಿಖರತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಇಸ್ರೇಲ್ ಗಾಜಾದ ಮೇಲೆ ಎಫ್-35 ಬಳಸಿದೆ. ಅಲ್ಲಿ ಆ ವಿಮಾನಕ್ಕೆ ಹೆದರಿಕೆ ಹುಟ್ಟಿಸುವ ವಾಯುರಕ್ಷಣೆ ಯಾವುದೂ ಇಲ್ಲ. 2024ರ ಫೆಬ್ರವರಿಯಲ್ಲಿ ಹೇಗ್‌ನ ಮೇಲ್ಮನವಿ ನ್ಯಾಯಾಲಯ ಎಫ್-35ರ ಬಿಡಿಭಾಗಗಳನ್ನು ಇಸ್ರೇಲಿಗೆ ಕಳಿಸುವುದನ್ನು ನಿಲ್ಲಿಸಿ ಅಂತ ಡಚ್ ಸರ್ಕಾರಕ್ಕೆ ಆದೇಶಿಸಿತು. ಮಾನವೀಯ ಕಾನೂನಿನ ಗಂಭೀರ ಉಲ್ಲಂಘನೆಗೆ ಅವು ಬಳಕೆಯಾಗುವ ಸ್ಪಷ್ಟ ಅಪಾಯ ಇದೆ ಅನ್ನುವುದು ಕಾರಣ. ಸರ್ಕಾರ ಅದರ ವಿರುದ್ಧ ಮೇಲಿನ ಕೋರ್ಟಿಗೆ ಹೋಯಿತು, ಅದು ಬೇರೆ ಕಥೆ. ಬಿಡಿಭಾಗದ ಡಬ್ಬ ಬಿಚ್ಚಿ ಜೋಡಿಸುವ ಕೆಲಸ ಮಾಡಿದ ನನಗೆ ಆ ಸುದ್ದಿ ಓದಿದ ದಿನ ನಿದ್ದೆ ಬರಲಿಲ್ಲ. ನಾನು ಜೋಡಿಸಿದ ಭಾಗ ಎಲ್ಲಿಗೆ ಹೋಗಿ ಏನು ಮಾಡಿತು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ನೆಲದ ಮೇಲಿನ ಸೈನಿಕರಿಗೆ ಹತ್ತಿರದಿಂದ ನೆರವಾಗಲು ಬೇಕಾದದ್ದು ಬೇರೆ ಥರದ ವಿಮಾನ. ನಿಧಾನವಾಗಿ ಹಾರಬೇಕು. ಗಂಟೆಗಟ್ಟಲೆ ಮೇಲೆಯೇ ಸುತ್ತುತ್ತಾ ಇರಬೇಕು. ಕೆಳಗೆ ಓಡುತ್ತಿರುವವನು ಬಂದೂಕು ಹಿಡಿದವನೋ, ಕುರಿ ಕಾಯುವವನೋ ಅಂತ ನೋಡಿ ತೀರ್ಮಾನಿಸಲು ಸಮಯ ಬೇಕು. ಈ ಕೆಲಸಕ್ಕೆಂದೇ ಕಟ್ಟಿದ ಅಮೆರಿಕದ ಎ-10 ವಿಮಾನದ ಫಿರಂಗಿಗೆ 1,174 ಗುಂಡು ಹಿಡಿಯುತ್ತವೆ. ಎಫ್-35ಎಗೆ ಸುಮಾರು 180, ಮೂರು ನಾಲ್ಕು ಸೆಕೆಂಡಿನಲ್ಲಿ ಖಾಲಿ. ಎಫ್-35ರ ಕ್ಯಾಮೆರಾ, ಸೆನ್ಸರ್‌ಗಳು ಚೆನ್ನಾಗಿವೆ, ಒಪ್ಪುತ್ತೇನೆ. ಆದರೆ ಬಾಂಬ್ ಜಾಸ್ತಿ ಬೇಕು ಅಂತ ರೆಕ್ಕೆಯ ಕೆಳಗೆ ನೇತುಹಾಕಿದ ಕೂಡಲೇ ಅದರ ಸ್ಟೆಲ್ತ್ ಗುಣವೇ ಹೋಗುತ್ತದೆ. ಆಗ ಅದು ದುಬಾರಿ ಸಾಧಾರಣ ವಿಮಾನ ಅಷ್ಟೇ. ಎ-10ರಿಂದಲೂ ಅಮಾಯಕರು ಸತ್ತಿದ್ದಾರೆ, ತಮ್ಮದೇ ಕಡೆಯ ಸೈನಿಕರೂ ಸತ್ತಿದ್ದಾರೆ. ನಿಧಾನದ ವಿಮಾನ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿಲ್ಲ. ನೋಡಲು ಹೆಚ್ಚು ಹೊತ್ತು ಸಿಗುತ್ತದೆ, ಅಷ್ಟು ಮಾತ್ರ. ಆ ಹೊತ್ತೇ ಮುಖ್ಯ.

ಹಾಗಾಗಿ ನನ್ನ ಬೇಡಿಕೆಗಳು ಇವು. ಸ್ಟೆಲ್ತ್ ವಿಮಾನವನ್ನು ಬಂಡುಕೋರರ ಮೇಲೆ ಕಳಿಸುವ ಮೊದಲು, ಯಾವ ರಡಾರ್ ಅಥವಾ ಯಾವ ಕ್ಷಿಪಣಿಯ ಭಯಕ್ಕೆ ಇದೇ ವಿಮಾನ ಬೇಕು ಅಂತ ಬರೆದಿಡಿ. ಉತ್ತರ ಇಲ್ಲದಿದ್ದರೆ ಬೇರೆ ವಿಮಾನ ಕಳಿಸಿ, ಇಲ್ಲವೇ ಕಳಿಸಲೇಬೇಕಾ ಅಂತ ಇನ್ನೊಂದು ಸಲ ಯೋಚಿಸಿ. ಇಂಥ ದಾಳಿಗಳಿಗೆ ವರ್ಷಕ್ಕೆ ಎಷ್ಟು ಗಂಟೆ ಹೋಯಿತು, ಎಷ್ಟು ಹಣ ಹೋಯಿತು ಅಂತ ಪ್ರಕಟಿಸಿ. ಹಣದ ಮಂಜೂರಾತಿಗೆ ಕೈ ಎತ್ತುವ ಜನಪ್ರತಿನಿಧಿಗಳೇ, ಈ ಲೆಕ್ಕ ಕೇಳುವುದು ನಿಮ್ಮ ಕೆಲಸ. ಬದಲಿ ವ್ಯವಸ್ಥೆ ಮಾಡದೆ ನಿಧಾನದ, ಅಗ್ಗದ ವಿಮಾನಗಳನ್ನು ಮೂಲೆಗೆ ಸೇರಿಸಲು ಒಪ್ಪಬೇಡಿ. ಅವು ಹೋದ ಮೇಲೆ ಬೇರೇನೂ ಇಲ್ಲ ಅಂತ ಹೇಳಿ ಮತ್ತೆ ಸ್ಟೆಲ್ತ್ ವಿಮಾನವನ್ನೇ ಕಳಿಸುತ್ತಾರೆ.

ದಾಳಿಯ ನಂತರದ ಲೆಕ್ಕವೂ ಬೇಕು. ಮೇಲಿನಿಂದ ತೆಗೆದ ಚಿತ್ರ ನೋಡಿ ಯಾರೂ ಸತ್ತಿಲ್ಲ ಅಂತ ಹೇಳಿ ಮುಗಿಸಬೇಡಿ. ಸಾಧ್ಯ ಇರುವ ಕಡೆಯೆಲ್ಲ ಯಾರಾದರೂ ಆ ಜಾಗಕ್ಕೆ ನಡೆದು ಹೋಗಿ, ಉಳಿದವರನ್ನು ಮಾತಾಡಿಸಿ ಬರಲಿ. ಬಾಂಬ್ ಬೀಳುವ ವಿಡಿಯೋ ಬಿಡುಗಡೆ ಮಾಡುವಷ್ಟೇ ಬೇಗ ಆ ವರದಿಯನ್ನೂ ಬಿಡುಗಡೆ ಮಾಡಿ.

ಕೊನೆಯದಾಗಿ ಒಂದು. ನಮ್ಮ ಎಫ್-700ರಲ್ಲಿ ಟೈರಿನ ಗಾಳಿಗೂ ಒಂದು ಸಹಿ ಇರುತ್ತಿತ್ತು. ಆಮ್ಲಜನಕಕ್ಕೆ ಒಂದು, ಸೀಟಿಗೆ ಒಂದು, ಬಾಂಬ್ ಕಟ್ಟಿದವನದ್ದು ಇನ್ನೊಂದು. ಅದೇ ಪುಸ್ತಕದಲ್ಲಿ, ಅದೇ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿ. ಈ ಕೆಲಸಕ್ಕೆ ಈ ವಿಮಾನ ಯಾಕೆ ಬೇಕು, ಕೆಳಗೆ ಯಾರಿದ್ದಾರೆ ಅಂತ ನೋಡಿದ್ದು ಯಾರು. ಅದರ ಮುಂದೆ ಆದೇಶ ಕೊಟ್ಟ ಅಧಿಕಾರಿಯ ಹೆಸರು, ಸಹಿ, ತಾರೀಖು ಇರಲಿ. ಆ ಸಾಲು ಖಾಲಿ ಇದ್ದರೆ ವಿಮಾನದ ಚಕ್ರಕ್ಕೆ ಕೊಟ್ಟ ಕಟ್ಟೆಯನ್ನು ತೆಗೆಯುವುದಿಲ್ಲ ಅಂತ ಹೇಳುವ ಹಕ್ಕು ಗ್ರೌಂಡ್ ಕ್ರೂ ಹುಡುಗನಿಗೂ ಇರಲಿ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,

ಒಬ್ಬ ನಿವೃತ್ತ ವಿಮಾನ ತಂತ್ರಜ್ಞ